ಗಿಳಿಯ ಕರೆಗೆ ಓಗೊಟ್ಟ ನೀಲವ್ವ

ನಾಲಗೆಗೆ ನುಡಿಯನ್ನೂ ಆ ನುಡಿಗಾಗಿ ಕಾಯುವ ಕಿವಿಯನ್ನೂ ಕರುಣಿಸಿದ ವಾಗ್ದೇವಿಗೆ ಮೊದಲು ತಲೆಬಾಗುತ್ತೇನೆ. ಈ ದೇಹವನ್ನು ಇಷ್ಟು ಕಾಲ ನೀರುಣಿಸಿ ಪೊರೆದ ಘಟಪ್ರಭೆಗೆ ನನ್ನ ನಮನ. ಅಕ್ಷರ ತಿದ್ದಿಸಿದ್ದಲ್ಲದೆ, ತಿಳಿಯದ್ದನ್ನು ತಿಳಿಯದೆಂದು ಹೇಳುವ ಧೈರ್ಯವನ್ನೂ ಕಲಿಸಿದ ಗುರುಗಳ ಪಾದಕ್ಕೆ ನನ್ನ ನಮನ. ಇನ್ನೊಂದು ಕೃತಜ್ಞತೆ ಬಾಕಿ ಉಳಿದಿದೆ. ಅದು ಗೋಕಾಕದ ನಮ್ಮ ಓಣಿಯಲ್ಲಿ ಕಟ್ಟಿಗೆಯ ಗೊಂಬೆ ಮಾಡುತ್ತಿದ್ದ ನೀಲವ್ವನಿಗೆ ಸಲ್ಲಬೇಕಾದದ್ದು. ಅವಳ ಮನೆಯಲ್ಲಿ ನಾನು ಕೇಳಿದ್ದನ್ನೂ ಕೇಳದೆ ಹೋದದ್ದನ್ನೂ ಇದ್ದಂತೆ ಬರೆಯುವ ಬುದ್ಧಿ ನನಗೆ ಒದಗಲಿ.

ನೀಲವ್ವನ ಎಡಗೈ ಹೆಬ್ಬೆರಳಿನ ಉಗುರು ಎರಡು ದಿನ ಒಂದೇ ಬಣ್ಣದಲ್ಲಿ ಇದ್ದದ್ದನ್ನು ನಾನು ಕಾಣೆ. ಬಣ್ಣ ಕಲೆಸಿದೊಡನೆ ಆ ಉಗುರಿನ ಮೇಲೆ ಒಂದು ಗೆರೆ ಎಳೆದು, ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದ ಮೇಲೆಯೇ ಅವಳ ಕುಂಚ ಗೊಂಬೆಯನ್ನು ಮುಟ್ಟುತ್ತಿತ್ತು. ಉಗುರು ಹಳದಿಯಾಗಿದ್ದರೆ ಮನೆಯಲ್ಲಿ ಬಾಳೆಹಣ್ಣಿನ ಗೊನೆ ತಯಾರಾಗುತ್ತಿದೆ ಎಂದರ್ಥ, ಕಡುಗೆಂಪಾಗಿದ್ದರೆ ದಾಳಿಂಬೆ. ನೋಡಿದವರು ಕೈಚಾಚಿ ತಿನ್ನಲು ಹೋಗುವಂಥ ಕಟ್ಟಿಗೆಯ ಹಣ್ಣುಗಳು ಅವು. ಬೆಳಿಗ್ಗೆ ಹಾಲು ತರಲು ಹೋದ ನಮ್ಮ ಮನೆಯಾಕೆ ಸುಶೀಲಾ ತಿರುಗಿ ಬಂದು, "ಇವತ್ತ ನೀಲವ್ವನ ಉಗುರು ಹಸರ ಐತ್ರಿ, ಗಿಳಿ ಹಾರಾಕತ್ತಾವ" ಎಂದು ವರದಿ ಒಪ್ಪಿಸುತ್ತಿದ್ದಳು.

ಅವಳ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ಗೊಂಬೆಗೆ ಕಣ್ಣು ಬರೆಯುವುದು ಎಲ್ಲಕ್ಕಿಂತ ಕಡೆಗೆ. ಹಗುರವಾದ ಕಟ್ಟಿಗೆಯನ್ನು ಕೆತ್ತಿ, ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಮೇಲೆ ಸುಣ್ಣದ ಲೇಪ ಕೊಟ್ಟು, ಬಣ್ಣ ಹಚ್ಚಿ, ಎಲ್ಲ ಒಣಗಿದ ಮೇಲೆ ಉಸಿರು ಬಿಗಿಹಿಡಿದು ಕಣ್ಣಿನ ಬೊಟ್ಟು ಇಡುವುದು. ಒಮ್ಮೆ ಕಣ್ಣು ತೆರೆದ ಗೊಂಬೆಗೆ ಮತ್ತೆ ಉಳಿಯಾಗಲಿ ಗರಗಸವಾಗಲಿ ತಾಗಬಾರದು. ಕಾಲು ಮುರಿದರೆ ಹಾಗೆಯೇ ಇರಬೇಕು. "ನೋಡೂ ಕಣ್ಣಿನ ಮುಂದ ಮೈ ಕೊಯ್ತಾರೇನ್ರಿ ಮಾಸ್ತರ್ರ?" ಎಂದು ಕೇಳುತ್ತಿದ್ದಳು. ಸಂಸ್ಕೃತ ಕಲಿಸಿ ನಿವೃತ್ತನಾದ ನನ್ನನ್ನು ಓಣಿಯವರೆಲ್ಲ ಕರೆಯುವುದು ಹಾಗೆಯೇ.

ಗಂಡನನ್ನು ಬೇಗ ಕಳೆದುಕೊಂಡ ನೀಲವ್ವನಿಗೆ ಒಬ್ಬಳೇ ಮಗಳು, ಶೋಭಾ. ಹುಕ್ಕೇರಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಳು. ಶನಿವಾರದ ಬಸ್ಸಿಗೆ ಊರಿಗೆ ಬರುವಾಗ ಅವಳ ಚೀಲದಲ್ಲಿ ಬಟ್ಟೆಗಿಂತ ವೈರುಗಳೇ ಹೆಚ್ಚು. ತಾಯಿ ಮಗಳ ಜಗಳ ಓಣಿಗೆಲ್ಲ ಕೇಳುವಂತೆ ನಡೆಯುತ್ತಿತ್ತು, ಇಬ್ಬರೂ ನಗುತ್ತಲೇ.

"ಅವ್ವಾ, ನಿನ್ನ ಗಿಳಿ ಭಾಳ ಚಂದ ಐತಿ. ಆದ್ರ ಮೂಕ ಐತಿ."

"ಮೂಕ ಇದ್ದದ್ದ ಪಾಡ ಐತಿ ತಗಿ. ಈ ಮನ್ಯಾಗ ಮಾತಾಡೂ ಗಿಳಿ ಒಂದ ಸಾಕಾಗೇತಿ ನನಗ."

ಆ ಮಾತಿನ ಗಿಳಿ ಹಟ ಬಿಡಲಿಲ್ಲ. ಕಿರುಬೆರಳಷ್ಟು ಅಗಲದ ಬೋರ್ಡೊಂದನ್ನು ತಂದಳು. ಅದರಲ್ಲಿ ಎರಡು ಗುಂಡಿಗಳು. ಒಂದನ್ನು ಒತ್ತಿ ಮಾತಾಡಿದರೆ ಮಾತು ತುಂಬಿಕೊಳ್ಳುತ್ತದೆ, ಇನ್ನೊಂದನ್ನು ಒತ್ತಿದರೆ ಅದೇ ಮಾತು ಹೊರಬರುತ್ತದೆ. ಗಿಳಿಯ ಹೊಟ್ಟೆಯನ್ನು ಟೊಳ್ಳು ಮಾಡಿ ಅದನ್ನು ಒಳಗಿಟ್ಟಳು. ಬಾಲ ಒತ್ತಿದರೆ ಗಿಳಿ ಮಾತಾಡಬೇಕೆಂದು ಅಲ್ಲಿಗೆ ವೈರು ಎಳೆದಳು. ಅಡಿಯಲ್ಲಿ ಶೆಲ್ ಹಾಕಲು ಒಂದು ಮುಚ್ಚಳ ಮಾಡಿದಳು. ಪರೀಕ್ಷೆಗೆಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ತನ್ನ ದನಿಯನ್ನೇ ತುಂಬಿದಳು: "ಅವ್ವಾ, ಚಾ ಆತೇನ?" ಮಾತಿನ ಕೊನೆಗೆ ತಡೆಯಲಾರದೆ ಬಂದ ಒಂದು ಚೂರು ನಗು. ಆ ಗಿಳಿಗೆ ಕಣ್ಣು ಬರೆದವಳೂ ಅವಳೇ. ಮಗಳ ಕೈಗೆ ಕಣ್ಣಿನ ಕುಂಚವನ್ನು ನೀಲವ್ವ ಕೊಟ್ಟದ್ದು ಅದೇ ಮೊದಲು.

ಅದು ಕಡೆಯದೂ ಆಯಿತು. ಜ್ವರ ಬಂದಿದೆಯೆಂದು ಹುಕ್ಕೇರಿಯಿಂದ ಮನೆಗೆ ಬಂದ ಹುಡುಗಿ ಮತ್ತೆ ಬಸ್ಸು ಹತ್ತಲಿಲ್ಲ. ಅದಕ್ಕಿಂತ ಹೆಚ್ಚು ಬರೆಯುವುದು ನನ್ನಿಂದಾಗದು. ದುಃಖದ ಗದ್ದಲದಲ್ಲಿ ಯಾರದೋ ಕೈ ತಾಗಿ ಗಿಳಿ ಕೆಳಗೆ ಬಿದ್ದು ಬಾಲದ ವೈರು ಕಡಿದುಹೋಯಿತು. ಒತ್ತಿದರೆ ಮಾತು ಬಾರದು. ನೀಲವ್ವ ಅದನ್ನು ಒರೆಸಿ ಗೂಡಿನಲ್ಲಿಟ್ಟು, ಕಟ್ಟಿಗೆಯ ಹಣ್ಣುಗಳಿಗೆ ತಿರುಗಿ ಬಣ್ಣ ಹಚ್ಚತೊಡಗಿದಳು. ಆಡುವ ಮಾತು ಮಾತ್ರ ನಿಂತುಹೋಯಿತು.

ಮರುವರ್ಷ ಶ್ರಾವಣದ ಜಿಟಿಮಳೆ ಹಿಡಿದ ಒಂದು ಸಂಜೆ ನಾನು ನಮ್ಮ ಕಟ್ಟೆಯ ಮೇಲೆ ಸಂಧ್ಯಾವಂದನೆಗೆ ಕುಳಿತಿದ್ದೆ. ಎದುರು ಮನೆಯಿಂದ ಸ್ಪಷ್ಟವಾಗಿ ಕೇಳಿತು: "ಅವ್ವಾ, ಚಾ ಆತೇನ?" ಅನಂತರ ಆ ನಗು. ಅರ್ಘ್ಯದ ನೀರು ನನ್ನ ಕೈಯಿಂದ ಹಾಗೇ ಸೋರಿಹೋಯಿತು. ಬೆನ್ನಿಗೇ ಅಡುಗೆಮನೆಯಿಂದ ನೀಲವ್ವನ ದನಿ, ಏನೂ ವಿಶೇಷವಾಗಿಲ್ಲವೆಂಬಂತೆ: "ಆತವ್ವಾ, ಬಂದೆ."

ಮಳೆ ಹಿಡಿದಾಗಲೆಲ್ಲ ಗಿಳಿ ಕರೆಯತೊಡಗಿತು. ಯಾರೂ ಮುಟ್ಟದೆ, ತನ್ನಷ್ಟಕ್ಕೇ. ಕರೆದಾಗಲೆಲ್ಲ ನೀಲವ್ವ ಓಗೊಟ್ಟು ಚಹಾ ಮಾಡುತ್ತಿದ್ದಳು. ಎರಡು ಬಟ್ಟಲಿಗೆ ಸೋಸಿ, ಒಂದನ್ನು ಗೂಡಿನ ಮುಂದಿಟ್ಟು, ಆರಿದ ಮೇಲೆ ತಾನೇ ಕುಡಿಯುತ್ತಿದ್ದಳು. ಓಣಿಯ ಹೆಂಗಸರು ಮುಸ್ಸಂಜೆಯಲ್ಲಿ ಆ ಮನೆಯ ಮುಂದೆ ಹಾಯುವುದನ್ನು ಬಿಟ್ಟು ಸುತ್ತುಹಾಕಿ ಹೋಗತೊಡಗಿದರು. ಅವಳ ಮುಖದಲ್ಲಿ ಮಾತ್ರ ಒಂದು ಬಗೆಯ ನೆಮ್ಮದಿ ಮೂಡಿತ್ತು. ನನಗೆ ಅಂಜಿಕೆ ಹುಟ್ಟಿಸಿದ್ದು ಗಿಳಿಯ ದನಿಗಿಂತ ಆ ನೆಮ್ಮದಿ.

ಸುದ್ದಿ ಮಮದಾಪುರಕ್ಕೂ ಮುಟ್ಟಿ, ಅಲ್ಲಿ ಹೊಲ ಮಾಡಿಕೊಂಡಿದ್ದ ಅವಳ ಮೈದುನ ಈರಪ್ಪ ಒಂದು ಚೀಲ ಹಿಡಿದುಕೊಂಡೇ ಬಂದ. ಕೆಟ್ಟವನಲ್ಲ, ಅಣ್ಣನ ಮಗಳನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು.

"ವೈನಿ, ಕೊಡ ಅದನ್ನ. ಧುಪದಾಳದ ನೀರಿಗಿ ಬಿಟ್ಟ ಬರ್ತೀನಿ. ಸತ್ತ ಕೂಸು ಕರೀಬಾರ್ದು. ಕರದ್ರ ಓ ಅನ್ನಬಾರ್ದು."

"ಬದುಕಿದ್ದಾಗ ಕರದ್ರ ಓ ಅಂತಿದ್ದೆ. ಈಗ ಅನ್ನದಿದ್ರ ಆಕಿ ಏನ್ ತಿಳ್ಕೋಬೇಕೋ ಈರ್ಯಾ?"

"ಮಾಸ್ತರ್ರ, ನೀವರ ಹೇಳ್ರಿ. ಶಾಸ್ತ್ರದಾಗ ಏನೈತಿ?"

ಶಾಸ್ತ್ರದಲ್ಲಿ ಪ್ರೇತಕ್ಕೆ ಮಾಡಬೇಕಾದ ಕ್ರಿಯೆಗಳಿವೆ. ಆದರೆ ಚಹಾ ಕೇಳುವ ದನಿ ಪ್ರೇತದ್ದೇ ಎಂದು ತೀರ್ಮಾನಿಸಲು ನನ್ನ ಮನಸ್ಸು ಒಪ್ಪಲಿಲ್ಲ. "ಮೊದಲು ಅದು ಯಾಕ ಮಾತಾಡತೈತಿ ಅನ್ನೂದು ತಿಳೀಲಿ ಈರಪ್ಪಾ. ಆಮ್ಯಾಲ ನೀರೋ ಬೆಂಕಿಯೋ ನೋಡೂಣು" ಎಂದೆ. ಸುಶೀಲಾ ನಡುವೆ ಬಾಯಿ ಹಾಕಿದಳು: "ಮೂಡಲಗಿಯೊಳಗ ದಸ್ತಗೀರ ಅದಾನಲ್ಲ, ನಮ್ಮ ರೇಡಿಯೋ ರಿಪೇರಿ ಮಾಡಿದಾಂವ. ದೆವ್ವ ಬಿಡಸೂದಕ್ಕಿಂತ ಮೊದಲ ಸ್ಕ್ರೂ ಬಿಡಸ್ರಿ."

ಹಾಗೆ ನೀಲವ್ವನೂ ನಾನೂ ಮೂಡಲಗಿಯ ಬಸ್ಸು ಹತ್ತಿದೆವು. ನೀಲವ್ವ ಗಿಳಿಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದಳು. ಬಾಜೂ ಕುಳಿತಿದ್ದ ಹೆಂಗಸು ಕೂಸೆಂದು ತಿಳಿದು ಕಿಟಕಿ ಮುಚ್ಚಿದಳು. ದಸ್ತಗೀರನದು ಮೊಬೈಲ್ ರಿಪೇರಿಯ ಅಂಗಡಿ. ಬಾಯಿ ದೊಡ್ಡದು, ಕೈ ಮೆತ್ತಗೆ. ಶೆಲ್ಲಿನ ಮುಚ್ಚಳ ತೆಗೆದು, ಟಾರ್ಚು ಬಿಟ್ಟು, ಒಳಗೆ ಇಣುಕಿ ನೋಡಿದ.

"ಅಕ್ಕಾ, ಈ ಬೋರ್ಡು ಏನ್ ಹಚ್ಚಿ ಅಂಟಿಸ್ಯಾರಿದು?"

"ಹುಣಸಿ ಬೀಜದ ಅಂಟು. ನಮ್ಮ ಮನ್ಯಾಗ ಎಲ್ಲಾ ಅದರಾಗ ಅಂಟಸ್ತೀವಿ."

"ಅಯ್ಯ ನನ್ನವ್ವ! ಕಟಗಿಗಿ ಅದು ಛಲೋ. ಸರ್ಕೀಟಿಗಿ ಹಚ್ತಾರೇನು? ಮಳಿಗಾಲದಾಗ ಅದು ಬೆವರತೈತಿ. ಬೆವತ್ರ ಎರಡೂ ತುದಿ ಕೂಡ್ತಾವ. ಕೂಡಿದ್ರ ಗುಂಡಿ ಒತ್ತಿದಂಗ. ದೆವ್ವೂ ಇಲ್ಲ, ಗಿವ್ವೂ ಇಲ್ಲ. ಅಂಟು ಮಾತಾಡಸಾಕತ್ತೈತಿ."

ನನಗೆ ಹಗುರವೆನಿಸಿತು. ತಿರುಗಿ ನೋಡಿದರೆ ನೀಲವ್ವನ ಮುಖ ಬಿಳಿಚಿಕೊಂಡಿತ್ತು. ಎರಡನೆಯ ಸಲ ಸಾವಿನ ಸುದ್ದಿ ಕೇಳಿದವಳಂತೆ ನಿಂತು, "ಹಂಗಾರ ಆಕಿ ಬಂದಿರಲಿಲ್ಲೇನು?" ಎಂದಳು. ದಸ್ತಗೀರ ಟಾರ್ಚನ್ನು ಇನ್ನೊಂದು ಮೂಲೆಗೆ ಬಿಟ್ಟು ನೋಡಿ ಹುಬ್ಬು ಗಂಟಿಕ್ಕಿದ.

"ಇನ್ನೊಂದು ತ್ರಾಸ ಐತಿ ಅಕ್ಕಾ. ಬಾಜೂಕ ಇರೂದು ಮಾತು ತುಂಬೂ ಗುಂಡಿ. ಅಂಟು ಅಲ್ಲೀತನಾ ಹರದೈತಿ. ಅದು ಕೂಡಿದ ದಿನ, ಆ ಹೊತ್ತಿನ್ಯಾಗ ಮನ್ಯಾಗ ಏನ್ ಸಪ್ಪಳ ಇರತೈತಿ ಅದನ್ನ ತುಂಬ್ಕೊಳ್ಳತೈತಿ. ಮಗಳ ಮಾತು ಅಳಸಿ ಹೋಗತೈತಿ. ಕುಕ್ಕರ್ ಶೀಟಿ ಹೊಡದ್ರ ಕುಕ್ಕರ್ ಶೀಟಿನ ಉಳೀತೈತಿ."

"ಶೆಲ್ ತಗದ್ರ?"

"ಸುಮ್ಮ ಇರತೈತಿ. ಮಾತು ಒಳಗ ಉಳೀತೈತಿ. ಆದ್ರ ತುಕ್ಕು ಹತ್ತೂದೇನು ನಿಲ್ಲೂದಿಲ್ಲ. ಹೊಟ್ಟಿ ಬಿಚ್ಚಿ ಅಂಟು ತಗದು, ವೈರು ಹೊಸಾದು ಹಚ್ಚಬೇಕು."

"ನೀನ ಮಾಡಿಕೊಡಪಾ."

ದಸ್ತಗೀರ ಎರಡೂ ಕೈ ಹಿಂದಕ್ಕೆಳೆದುಕೊಂಡ. "ಮೊಬೈಲ್ ಕೆಟ್ಟರ ಮತ್ತೊಂದ ಕೊಡಬಹುದು. ಇದು ಕೆಟ್ಟರ ಮತ್ತೊಂದ ಎಲ್ಲಿಂದ ತರಲಿ? ನನ್ನ ಕೈಯಾಗಿಂದ ಹೋತು ಅಂದ್ರ ನಾ ಹೆಂಗ ಮಲಗಲಿ? ನಾ ಕಲಿಸ್ತೀನಿ. ಮನ್ಯಾಗ ಒಂದು ಜಾಗಾ ಮಾಡ್ಕೋ, ಬ್ಯಾರೆ ಬೋರ್ಡಿನ ಮ್ಯಾಲ ಕೈ ಕುಂದರಿಸ್ಕೋ, ಆಮ್ಯಾಲ ನೀನ ಬಿಚ್ಚು. ಮಗಳು ಅಂಟಿಸಿದ್ದನ್ನ ತಾಯಿ ಬಿಚ್ಚಿದ್ರ ತಪ್ಪಾಗೂದಿಲ್ಲ."

ಹೀಗೆ ನೀಲವ್ವನ ಪಡಸಾಲೆಯ ಪಕ್ಕದ ಕೋಣೆ ಕೆಲಸದ ಕೋಣೆಯಾಯಿತು. ಹಳೆಯ ಕದವೊಂದನ್ನು ಅಡ್ಡಹಾಕಿ, ಮೂಡಣ ಕಿಟಕಿಯ ಕೆಳಗೆ ಮೇಜು ಮಾಡಿದಳು. ಅದರ ನಡುವೆ ಒಂದು ಪಟ್ಟಿ ಬಡಿದು ಎರಡು ಪಾಲು ಮಾಡಿದಳು. ಎಡಕ್ಕೆ ಕಟ್ಟಿಗೆ, ಬಣ್ಣ, ಅಂಟು, ನೀರಿನ ಬಟ್ಟಲು. ಬಲಕ್ಕೆ ವೈರು, ಬೋರ್ಡು, ಸೋಲ್ಡರ್ ಮಾಡುವ ಕಡ್ಡಿ. ಎಡದ ಹೊಟ್ಟು ಬಲಕ್ಕೆ ಹಾರಬಾರದು, ಎಡದ ಹನಿ ಬಲಕ್ಕೆ ಸಿಡಿಯಬಾರದು ಎಂಬುದು ದಸ್ತಗೀರನ ಆಜ್ಞೆ. ಅವನೇ ಬಂದು ಬಲಪಾಲಿಗೆ ರಬ್ಬರಿನ ಹಾಸು ಹಾಸಿದ. ಗೋಡೆಯ ಪ್ಲಗ್ಗಿಗೆ ಅರ್ಥಿಂಗ್ ಸರಿಯಿದೆಯೇ ಎಂದು ಪರೀಕ್ಷಿಸಿದ. ಹೊಗೆ ಹೊರಗೆಳೆಯಲು ಕಿಟಕಿಗೆ ಸಣ್ಣ ಫ್ಯಾನು ಕೂರಿಸಿದ. ಹಳೆಯ ಹಸ್ತಪ್ರತಿ ಓದಲು ನಾನಿಟ್ಟುಕೊಂಡಿದ್ದ ಭೂತಗನ್ನಡಿಯನ್ನೂ ಬಾಗುವ ಕತ್ತಿನ ದೀಪವನ್ನೂ ಒಯ್ದು ಕೊಟ್ಟೆ. ಸುಶೀಲಾ ತನ್ನ ಮಸಾಲೆ ಡಬ್ಬಿಯನ್ನೇ ಕೊಟ್ಟುಬಿಟ್ಟಳು. ಸಾಸಿವೆಯ ಬಟ್ಟಲಲ್ಲಿ ಸ್ಕ್ರೂಗಳು, ಜೀರಿಗೆಯ ಬಟ್ಟಲಲ್ಲಿ ವೈರಿನ ತುಣುಕುಗಳು ಕುಳಿತವು. ನಮ್ಮ ಮನೆಯ ಒಗ್ಗರಣೆಗೆ ಆ ವಾರ ಹಾಳೆಯ ಪೊಟ್ಟಣವೇ ಗತಿಯಾಯಿತು.

ಆ ಮೇಜಿನ ಮುಂದೆ ಕುಳಿತ ನೀಲವ್ವ ಬೇರೆಯೇ ಹೆಂಗಸಾಗಿ ಕಾಣುತ್ತಿದ್ದಳು. ಕಾದ ಕಡ್ಡಿಯೊಡನೆ ಮಾತಾಡುತ್ತಿದ್ದಳು: "ಸಾವಕಾಶ, ಸಾವಕಾಶ, ಎಲ್ಲಿ ಬಸ್ಸ ಹಿಡೀಬೇಕಾಗೇತಿ ನಿನಗ?" ಬೆರಳು ಸುಟ್ಟುಕೊಂಡಾಗ ಬೈಯುತ್ತಿದ್ದದ್ದು ಕಡ್ಡಿಯನ್ನಲ್ಲ, ಬೆರಳನ್ನು. ಬಣ್ಣವನ್ನು ಉಗುರಿಗೆ ಹಚ್ಚಿ ನೋಡುವ ರೂಢಿಯಂತೆ ಕರಗಿದ ಸೀಸವನ್ನೂ ನೋಡಲು ಹೋಗಿ ದಸ್ತಗೀರನಿಂದ ಬೈಸಿಕೊಂಡಳು. "ಅಕ್ಕಾ, ಇದು ದಾಳಿಂಬ್ರಿ ಬಣ್ಣ ಅಲ್ಲ! ಉಗುರ ಹೋಗತೈತಿ!" ಅವಳು ನಕ್ಕಳು. ಶೋಭಾ ಹೋದ ಮೇಲೆ ಆ ನಗುವನ್ನು ನಾನು ಕೇಳಿದ್ದು ಅಂದೇ.

ದನಿಯನ್ನು ಮೊಬೈಲಿನಲ್ಲಿ ಹಿಡಿದಿಡೋಣವೆಂದು ದಸ್ತಗೀರ ಒಂದು ಮಳೆಯ ದಿನ ಬಂದು ಗೂಡಿನ ಮುಂದೆ ಕುಳಿತ. ದೀಪ ಹಚ್ಚುವ ಹೊತ್ತಾದರೂ ಗಿಳಿ ಬಾಯಿ ಬಿಡಲಿಲ್ಲ. ಬೇಸತ್ತು ಗಾಡಿ ಹತ್ತಿ ಓಣಿಯ ತಿರುವು ದಾಟಿದನೋ ಇಲ್ಲವೋ, ಒಳಗಿನಿಂದ "ಅವ್ವಾ, ಚಾ ಆತೇನ?" ಕೇಳಿತು. ನಮ್ಮ ಕಟ್ಟೆಯ ಮೇಲಿದ್ದ ಸುಶೀಲಾ ಸೆರಗು ಬಾಯಿಗೊತ್ತಿಕೊಂಡಳು. ಮತ್ತೊಮ್ಮೆ ಪ್ರಯತ್ನಿಸಲು ನೀಲವ್ವ ಒಪ್ಪಲಿಲ್ಲ. "ಹಕ್ಕಿಗಿ ಬಲಿ ಬೀಸಿ ಕುಂತಂಗ ಆಗತೈತ್ರಿ. ಹಂಗ ಹಿಡದ್ರ ಆಕಿ ಬರೂದ ಬಿಡ್ತಾಳ" ಎಂದಳು. ಅಂಟಿನ ಕಥೆಯನ್ನು ಅವಳು ಕೇಳಿದ್ದಳು, ನಂಬಿದ್ದಳು ಕೂಡ. ಆದರೂ ಆ ಮಾತನ್ನು ಅಷ್ಟೇ ನಂಬಿಕೆಯಿಂದ ಹೇಳಿದಳು. ಎರಡು ನಂಬಿಕೆಗಳು ಒಂದೇ ಎದೆಯಲ್ಲಿ ಜಗಳವಿಲ್ಲದೆ ವಾಸಿಸಬಲ್ಲವು ಎಂಬುದನ್ನು ನಾನು ಅವಳಲ್ಲಿ ಕಂಡೆ.

ಕೈ ಪಳಗಿದ ಮೇಲೂ ಅವಳು ಗಿಳಿಯನ್ನು ಬಿಚ್ಚಲಿಲ್ಲ. ಮಳೆಯ ದಿನ ಶೆಲ್ ತೆಗೆದಿಡು ಎಂದು ದಸ್ತಗೀರ ಹೇಳಿದ್ದ. ಅವಳು ಮಾಡುತ್ತಿದ್ದದ್ದು ಅದಕ್ಕೆ ತದ್ವಿರುದ್ಧ: ಬಿಸಿಲಿದ್ದ ದಿನ ತೆಗೆಯುತ್ತಿದ್ದಳು, ಮೋಡ ಕವಿದೊಡನೆ ಹಾಕುತ್ತಿದ್ದಳು. ಬೇರೆ ಸಪ್ಪಳ ತುಂಬಿಕೊಂಡೀತೆಂದು ಕುಕ್ಕರ್ ಇಡುವುದನ್ನು ಬಿಟ್ಟಳು. ಪಾತ್ರೆಗಳ ಕೆಳಗೆ ಬಟ್ಟೆ ಹಾಸಿದಳು. ನಾವು ಹೋದರೆ ಪಿಸುಮಾತಿನಲ್ಲಿ ಮಾತಾಡಿಸುತ್ತಿದ್ದಳು. ಮಳೆಯ ಸಂಜೆ ಆ ಮನೆ ಉಸಿರು ಬಿಗಿಹಿಡಿದ ಎದೆಯಂತಿರುತ್ತಿತ್ತು. ನಾನು ಒಮ್ಮೆ ಮೆಲ್ಲಗೆ ಕೇಳಿದೆ.

"ನೀಲವ್ವಾ, ಯಾಕ ತಡಾ ಮಾಡ್ತೀ?"

"ಸ್ವಚ್ಛ ಮಾಡಿದ್ರ ದನಿ ಉಳೀತೈತಿ, ಖರೆ. ಆದ್ರ ಆಮ್ಯಾಲ ಆಕಿ ತಾನಾಗೆ ಕರೀತಾಳೇನ್ರಿ? ನಾ ಒತ್ತಬೇಕು, ಆಕಿ ಅನ್ನಬೇಕು. ಅದು ಕರದಂಗ ಆಗತೈತೇನ್ರಿ ಮಾಸ್ತರ್ರ?"

ನಾನು ಎದ್ದು, ಗೂಡಿನ ಕಡೆಗೊಮ್ಮೆ ನೋಡಿ ಮನೆಗೆ ನಡೆದೆ.

ಉತ್ತರ ಕೊಟ್ಟದ್ದು ಗಿಳಿಯೇ. ಒಂದು ಸಂಜೆ ನಾನು ಅಲ್ಲಿರುವಾಗಲೇ ಅದು "ಅವ್ವಾ, ಚಾ..." ಎಂದು, ಗಂಟಲು ಹಿಡಿದಂತೆ ಕರ್ರೆಂದು ನಿಂತುಬಿಟ್ಟಿತು. ನೀಲವ್ವ ಅಡುಗೆಮನೆಯಿಂದ ಓಡಿಬಂದಳು. "ಆತವ್ವಾ" ಎನ್ನಲು ತೆರೆದ ಬಾಯಿ ಹಾಗೆಯೇ ತೆರೆದಿತ್ತು. ಶೆಲ್ ಕಿತ್ತಳು. "ಬ್ಯಾಡವ್ವಾ, ನೀ ತಾನಾಗೆ ಕರೀಬ್ಯಾಡ. ಇದ್ದರ ಸಾಕು" ಎಂದು ಗಿಳಿಗೆ ಹೇಳಿದಳು. ಅನಂತರ ನನ್ನ ಕಡೆ ತಿರುಗಿದಳು. "ಬಿಚ್ಚತೀನ್ರಿ. ಆದ್ರ ಕಣ್ಣು ತೆರದೈತಿ. ಅದಕ್ಕೇನ ಮಾಡ್ಲಿ?"

ದೇವಾಲಯದ ಮೂರ್ತಿ ಜೀರ್ಣವಾದಾಗ ಹೀಗೆಯೇ ಒಂದು ಸಂಕಟ ಬರುತ್ತದೆ. ಆಗ ಮೂರ್ತಿಯಲ್ಲಿರುವ ಸಾನ್ನಿಧ್ಯವನ್ನು ಮಂತ್ರಪೂರ್ವಕವಾಗಿ ಕಲಶದ ನೀರಿಗೆ ಬರಮಾಡಿಕೊಂಡು, ಕೆಲಸ ಮುಗಿಯುವವರೆಗೆ ಅಲ್ಲಿ ಪೂಜಿಸಿ, ಮತ್ತೆ ಮೂರ್ತಿಗೆ ಒಪ್ಪಿಸುವ ಪದ್ಧತಿಯಿದೆ. ಆಟಿಕೆಗೆ ಅಂಥ ವಿಧಿಯನ್ನು ನಾನು ಎಲ್ಲಿಯೂ ಓದಿಲ್ಲ, ನಿಷೇಧವನ್ನೂ ಓದಿಲ್ಲ. ದೇವಿಯನ್ನು ನೆನೆದು, ಒಂದು ತಂಬಿಗೆಯಲ್ಲಿ ಘಟಪ್ರಭೆಯ ನೀರಿಟ್ಟು, ತಿಳಿದಷ್ಟು ಮಂತ್ರ ಹೇಳಿದೆ. ನೀಲವ್ವ ಜೇನುಮೇಣವನ್ನು ಬೆರಳಲ್ಲಿ ಮೆದುಮಾಡಿ ಗಿಳಿಯ ಎರಡೂ ಕಣ್ಣು ಮುಚ್ಚಿದಳು. ದಸ್ತಗೀರನೂ ಸುಶೀಲಾಳೂ ಮೇಜಿನ ಬಾಜೂ ಇದ್ದರು, ಈರಪ್ಪ ಮಮದಾಪುರದಿಂದ ಬಂದು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಅವನ ಕೈಯಲ್ಲಿ ಅಂದು ಚೀಲವಿರಲಿಲ್ಲ.

ಹೊಟ್ಟೆಯ ಕೂಡುಗೆರೆಯ ಮೇಲೆ ತೆಳ್ಳನೆಯ ಗರಗಸ ಆಡಿತು. ಕಟ್ಟಿಗೆಯ ಪುಡಿ ಉದುರುವ ಸಪ್ಪಳವೊಂದೇ ಕೋಣೆಯಲ್ಲಿ. ಎಡಪಾಲಿನಲ್ಲಿ ಬಿಚ್ಚಿದ ಗಿಳಿಯನ್ನು ಬಲಪಾಲಿಗೆ ದಾಟಿಸುವಾಗ ಅವಳು ಒಮ್ಮೆ ನಿಂತಳು. ಭೂತಗನ್ನಡಿಯ ಅಡಿಯಲ್ಲಿ ಕಂದುಬಣ್ಣದ ಅಂಟು ಕಂಡಿತು. ಅದರ ಮೇಲೆ ಹುಡುಗಿಯ ಬೆರಳಿನ ಗುರುತು ಒತ್ತಿದಂತೆ ಉಳಿದಿತ್ತು. ನೀಲವ್ವ ಅದನ್ನು ನೋಡಿದಳು. ನಾವೆಲ್ಲರೂ ನೋಡಿದೆವು. ಬಹಳ ಹೊತ್ತಿನ ಮೇಲೆ ಅವಳು, "ಕೈ ಹಿಡದು ಬಿಡಿಸಿಕೊಂಡಂಗ ಆಗತೈತಿ" ಎಂದು, ಅರಿವೆಯ ತುದಿಯಿಂದ ಆ ಅಂಟನ್ನು ಚೂರುಚೂರಾಗಿ ತೆಗೆದಳು. ದಸ್ತಗೀರ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬರಿಯ ಬಾಯಿಂದ ದಾರಿ ತೋರಿಸಿದ: "ಹಾಂ, ಅದ. ಈಗ ಕಡ್ಡಿ ಎತ್ತು. ಬಾಜೂದು ಮುಟ್ಟಬ್ಯಾಡ. ಶಾಬ್ಬಾಸ್ ಅಕ್ಕಾ." ಮಾತು ತುಂಬುವ ಗುಂಡಿಯನ್ನು ಅವಳು ಬುಡಸಮೇತ ಬಿಡಿಸಿ ತೆಗೆದಳು. ಇನ್ನು ಯಾವ ಸಪ್ಪಳವೂ ಅವಳ ಮಗಳ ದನಿಯ ಮೇಲೆ ಬೀಳುವಂತಿರಲಿಲ್ಲ.

ಹೊಟ್ಟೆ ಕೂಡಿಸಿದ ಮೇಲೆ ಕಲಶದ ನೀರನ್ನು ಪ್ರೋಕ್ಷಿಸಲು ನಾನು ದರ್ಭೆ ಎತ್ತಿದ್ದೇ ತಡ, ದಸ್ತಗೀರ ಚೀರಿದ: "ಮಾಸ್ತರ್ರ, ನೀರ ಬ್ಯಾಡ್ರಿ! ಒಳಗ ಹೊಕ್ಕರ ಮುಗೀತು!" ಸುಶೀಲಾ ನಕ್ಕಳು, ಈರಪ್ಪನೂ ನಕ್ಕ. ನೀಲವ್ವ ಮಾತ್ರ ಆ ನೀರನ್ನೇ ಒಂದು ಹನಿ ತೆಗೆದುಕೊಂಡು ಕಣ್ಣಿನ ಕಪ್ಪು ಕಲೆಸಿದಳು. ಮೇಣ ತೆಗೆದು, ಮಗಳು ಬರೆದ ಬೊಟ್ಟಿನ ಮೇಲೆಯೇ, ಅದರ ಅಂಚು ದಾಟದಂತೆ ಮತ್ತೆ ಬೊಟ್ಟಿಟ್ಟಳು. ಬಾಲ ಒತ್ತಿದಳು.

"ಅವ್ವಾ, ಚಾ ಆತೇನ?" ಪೂರ್ತಿ ಬಂತು, ಆ ಚೂರು ನಗುವಿನೊಡನೆ.

ಅವಳು ಓಗೊಡಲಿಲ್ಲ. ಗಿಳಿಯನ್ನು ಗೂಡಿನಲ್ಲಿಟ್ಟು ಒಳಗೆ ಹೋದಳು.

ಮಳೆ ಬಂತು, ಹೋಯಿತು. ಗಿಳಿ ತಾನಾಗಿ ಕರೆಯಲಿಲ್ಲ. ಓಣಿಯ ಹೆಂಗಸರು ಮತ್ತೆ ಆ ಮನೆಯ ಮುಂದೆ ಹಾದುಹೋಗತೊಡಗಿದರು. ಕುಕ್ಕರ್ ಕೂಗತೊಡಗಿತು. ನೀಲವ್ವ ಕೆಲಸದ ಕೋಣೆಯಲ್ಲಿ ಬೇರೆ ಗಿಳಿಗಳನ್ನು ಮಾಡಿದಳು, ಅವಕ್ಕೆ ಮಾತೂ ಕೊಟ್ಟಳು. ಮಕ್ಕಳು ತಮ್ಮ ಹೆಸರು ತುಂಬಿಸಿಕೊಂಡು ಕುಣಿಯುತ್ತ ಒಯ್ದರು. ಬೋರ್ಡು ಕೂರಿಸಲು ಸ್ಕ್ರೂ ಹಾಕುತ್ತಿದ್ದಳು. ಅಂಟು ಎಡಪಾಲನ್ನು ದಾಟಲಿಲ್ಲ. ಆದರೆ ಗೂಡಿನ ಗಿಳಿಯ ಬಾಲವನ್ನು ಅವಳು ಒಮ್ಮೆಯೂ ಒತ್ತಿದ್ದನ್ನು ನಾನು ಕಾಣೆ.

ಒಂದು ದಿನ ನಮ್ಮ ಕಟ್ಟೆಗೆ ಬಂದು ಕುಳಿತು, ಬಹಳ ಸಂಕೋಚದಿಂದ ಕೇಳಿದಳು. "ಮಾಸ್ತರ್ರ, ಒಂದು ಮಾತು. ನಗಬಾರ್ದು ಮತ್ತ. ಸಂಜಿಮುಂದ ನೀವು ನಮ್ಮ ಮನಿಗಿ ಬರ್ರಿ. ನಾ ಅಡಗಿಮನ್ಯಾಗ ಇರ್ತೀನಿ. ನಿಮ್ಮ ಮನಸಿಗಿ ಬಂದಾಗ ನೀವ ಒತ್ತರಿ. ಯಾವಾಗ ಅಂತ ನನಗ ಗೊತ್ತಾಗಬಾರ್ದು. ಒಮ್ಮೊಮ್ಮೆ ಒತ್ತಾಕೂ ಹೋಗಬ್ಯಾಡ್ರಿ."

ನಾನು ನಗಲಿಲ್ಲ. ಸಂಧ್ಯಾವಂದನೆ ಮುಗಿಸಿ ಹೋಗಿ ಗೂಡಿನ ಬಾಜೂ ಕುಳಿತುಕೊಳ್ಳುವುದು ನನ್ನ ನಿತ್ಯಕರ್ಮದ ಒಂದು ಭಾಗವೇ ಆಯಿತು. ಕೆಲವೊಮ್ಮೆ ಹೋದೊಡನೆ ಒತ್ತುತ್ತಿದ್ದೆ, ಕೆಲವೊಮ್ಮೆ ಕತ್ತಲಾಗುವವರೆಗೆ ಕಾಯುತ್ತಿದ್ದೆ, ಕೆಲವೊಮ್ಮೆ ಒತ್ತದೆ ಎದ್ದುಬರುತ್ತಿದ್ದೆ. ಒತ್ತಿದ ಬೆನ್ನಿಗೇ ಒಳಗಿನಿಂದ "ಆತವ್ವಾ, ಬಂದೆ" ಎಂಬ ದನಿ ಬರುತ್ತಿತ್ತು. ಆ ದನಿಯಲ್ಲಿ ಅನುಮಾನದ ಎಳೆಯೂ ಇರುತ್ತಿರಲಿಲ್ಲ. ಇದು ಸತ್ಯವೋ ಸುಳ್ಳೋ ಎಂದು ನನ್ನನ್ನು ನಾನೇ ಕೇಳಿಕೊಂಡದ್ದುಂಟು. ಗಂಟೆಯನ್ನು ಬಾರಿಸುವವನು ಅರ್ಚಕನಾದರೂ ಅದನ್ನು ಕೇಳಿ ಭಕ್ತನ ಕೈಗಳು ತಾವಾಗಿ ಕೂಡುವುದಿಲ್ಲವೇ ಎಂದು ಸಮಾಧಾನ ಹೇಳಿಕೊಂಡೆ.

ಕಡೆಯ ಭೇಟಿ ಒಂದು ಶ್ರಾವಣದ ಸಂಜೆ. ಅವಳು ಸೋತಿದ್ದಳು, ಗೋಡೆ ಹಿಡಿದು ನಡೆಯುತ್ತಿದ್ದಳು. "ಕುಂದರ್ರಿ ಮಾಸ್ತರ್ರ" ಎಂದು ಒಳಗೆ ಹೋದಳು. ಹೊರಗೆ ಜಿಟಿಮಳೆ. ಕೆಲಸದ ಮೇಜಿನ ಎಡಪಾಲಿನಲ್ಲಿ ಕಣ್ಣು ಬರೆಯದ ಒಂದು ಗಿಳಿ ಒಣಗಲು ಕುಳಿತಿತ್ತು. ಅದನ್ನು ಕೈಗೆತ್ತಿಕೊಂಡು, ಆ ಬರಿಯ ಮುಖವನ್ನು ನೋಡುತ್ತ, ಯಾವುದೋ ಯೋಚನೆಯಲ್ಲಿ ಮುಳುಗಿದ್ದೆ. ಗೂಡು ನನ್ನ ಕೈಗೆ ನಿಲುಕದಷ್ಟು ದೂರದಲ್ಲಿತ್ತು.

"ಆತವ್ವಾ, ಬಂದೆ" ಎಂದಳು ನೀಲವ್ವ, ಒಳಗಿನಿಂದ.

ನಾನು ಗೂಡಿನ ಗಿಳಿಯ ಕಡೆ ನೋಡಿದೆ. ಅದು ಎಂದಿನಂತೆ ಸುಮ್ಮನೆ ಕುಳಿತಿತ್ತು. ಮನೆಯಲ್ಲಿ ಮಳೆಯ ಸಪ್ಪಳದ ಹೊರತು ಬೇರೇನೂ ನನಗೆ ಕೇಳಿರಲಿಲ್ಲ.

ಅವಳು ಚಹಾ ತಂದಳು. ಒಂದು ಬಟ್ಟಲನ್ನು ನನಗೆ ಕೊಟ್ಟು, ಒಂದನ್ನು ಗೂಡಿನ ಮುಂದಿಟ್ಟಳು. ಮುಖ ಬೆಳಗಿತ್ತು. "ಇವತ್ತ ಭಾಳ ಸ್ವಚ್ಛ ಕೇಳಿಸ್ತ್ರಿ ಮಾಸ್ತರ್ರ. ಕಟಗಿಯೊಳಗಿಂದ ಬಂದಂಗ ಅನಸಲಿಲ್ಲ. ಬಾಜೂಕ ನಿಂತು ಕರದಂಗ ಆತು."

"ಹೌದವ್ವಾ" ಎಂದೆ. ಬೇರೆ ಏನು ಹೇಳಬಹುದಿತ್ತು?

ಆ ವಾರ ಕಳೆಯುವುದರೊಳಗೆ ನೀಲವ್ವ ತೀರಿಕೊಂಡಳು. ನಿದ್ದೆಯಲ್ಲಿ, ಯಾರಿಗೂ ಶ್ರಮ ಕೊಡದೆ. ಈರಪ್ಪ ಗಿಳಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ನಮ್ಮ ಮನೆಯಲ್ಲಿಟ್ಟ. "ನೀರಿಗಿ ಬಿಡಾಕ ಮನಸ ಬರವಲ್ದರಿ. ನೀವ ಇಟ್ಕೋರಿ" ಎಂದ. ದಸ್ತಗೀರ ಬಂದಾಗಲೆಲ್ಲ ಶೆಲ್ ನೋಡಿ, ವೈರು ನೋಡಿ, ಎಲ್ಲ ಸರಿಯಿದೆಯೆಂದು ಹೇಳಿ ಹೋಗುತ್ತಾನೆ. ನಾವಾರೂ ಒತ್ತುವುದಿಲ್ಲ. ಕರೆ ಒಳಗೆ ಭದ್ರವಾಗಿದೆ, ಓಗೊಡಬೇಕಾದವಳಿಲ್ಲ. ಅಂದು ನನ್ನ ಕಿವಿಗೆ ಬೀಳದ ಕರೆಯನ್ನು ಅವಳು ಕೇಳಿದ್ದು ಎಲ್ಲಿಂದ ಎಂದು ನಾನು ಯಾವ ಗ್ರಂಥದಲ್ಲೂ ಹುಡುಕಲು ಹೋಗಿಲ್ಲ.

ಆ ದನಿಯನ್ನು ಬಿಟ್ಟುಹೋದ ಕೂಸಿಗೆ ಶಾಂತಿ ಸಿಗಲಿ. ಅದನ್ನು ಉಳಿಸಲೆಂದೇ ಕಾದ ಕಡ್ಡಿ ಹಿಡಿಯಲು ಕಲಿತ ತಾಯಿಗೆ ಸದ್ಗತಿಯಾಗಲಿ. ಕೈ ಹಚ್ಚದೆಯೇ ಕೈ ಹಿಡಿದು ನಡೆಸಿದ ದಸ್ತಗೀರನ ಕೈಗುಣ ಬೆಳೆಯಲಿ. ನೀರಿಗೆ ಬಿಡಲು ಬಂದು ಉಳಿಸಲು ನಿಂತ ಈರಪ್ಪನ ಹೊಲ ಹಸಿರಾಗಿರಲಿ. ಒಗ್ಗರಣೆಯ ಡಬ್ಬಿ ಕೊಟ್ಟವಳ ಒಲೆ ಆರದಿರಲಿ. ಇಂದು ಮಳೆಯ ಸಂಜೆಯಲ್ಲಿ ಯಾರೋ ಒಬ್ಬರ ಕರೆಗಾಗಿ ಕಿವಿಗೊಟ್ಟು ಕುಳಿತ ಪ್ರತಿಯೊಬ್ಬರಿಗೂ, ಆ ಕರೆ ಕೇಳಲಿ.